ಸ್ಪ್ರಿಂಗ್‌ಬ್ಯಾಂಕಿನಲ್ಲಿ ಕೈಯಾರೆ ಕಲಿತ ಮಾಲ್ಟ್ ಕೆಲಸ

ವಿಸ್ಕಿ ತಯಾರಿಕೆಯನ್ನು ನಾನು ಕೈಯಾರೆ ಕಲಿತದ್ದು ಸ್ಕಾಟ್ಲೆಂಡಿನ ಕಿಂಟೈರ್ ಪರ್ಯಾಯ ದ್ವೀಪದ ಬಂದರು ಪಟ್ಟಣವಾದ ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿಯಲ್ಲಿ. 1828ರಲ್ಲಿ ಆರಂಭವಾದ ಇದು ಇಂದಿಗೂ ಮಿಚೆಲ್ ಮನೆತನ ಕಟ್ಟಿದ ಸಂಸ್ಥೆಯ ಕೈಯಲ್ಲೇ ಇದೆ. ಒಂದು ಕಾಲಕ್ಕೆ 30ಕ್ಕೂ ಹೆಚ್ಚು ಡಿಸ್ಟಿಲರಿಗಳಿದ್ದ ಈ ಊರು, 1920ರ ನಂತರ ಅಮೆರಿಕದ ಪಾನನಿಷೇಧಕ್ಕೂ ತರಾತುರಿಯ ಉತ್ಪಾದನೆಯಿಂದ ಕೆಟ್ಟ ಹೆಸರಿಗೂ ಸಿಕ್ಕಿ ನಲುಗಿತು. ಕೊನೆಗೆ ಉಳಿದವು ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ ಮಾತ್ರ. ಗ್ಲೆನ್‌ಗೈಲ್ ಎಂಬ, ಮುಚ್ಚಿದ್ದ ಇನ್ನೊಂದು ಡಿಸ್ಟಿಲರಿ ಮತ್ತೆ ಬಾಗಿಲು ತೆರೆದದ್ದು 2004ರಲ್ಲಿ.

ನನ್ನ ಪಾಲಿಗೆ ಬಂದ ಮೊದಲ ಕೆಲಸ ಬಾರ್ಲಿ ತಿರುವುವುದು. ಈಗ ಬಹುತೇಕ ಡಿಸ್ಟಿಲರಿಗಳು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಹೊರಗಿನಿಂದ ಕೊಳ್ಳುತ್ತವೆ; ಸ್ಪ್ರಿಂಗ್‌ಬ್ಯಾಂಕ್ ಮಾತ್ರ ತನಗೆ ಬೇಕಾದ ಅಷ್ಟನ್ನೂ ತನ್ನ ನೆಲದ ಮೇಲೆಯೇ ಮಾಡಿಕೊಳ್ಳುತ್ತದೆ. ನೆನೆದ ಬಾರ್ಲಿಯನ್ನು ನೆಲದ ಮೇಲೆ ಹರಡಿದರೆ, ಬಟ್ಟೆಯಲ್ಲಿ ಮೊಳಕೆ ಕಟ್ಟಿದ ರಾಗಿಯಂತೆ ಅದೂ ಒಳಗಿಂದಲೇ ಬೆಚ್ಚಗಾಗತೊಡಗುತ್ತದೆ. ಆ ಬಿಸಿಯನ್ನು ಹೊರಬಿಡದಿದ್ದರೆ ಮೊಳಕೆ ಒಂದೇ ಸಮನಾಗಿ ಬರುವುದಿಲ್ಲ, ಬೇರುಗಳು ಹೆಣೆದುಕೊಂಡು ರಾಶಿಯೇ ಗಂಟಾಗುತ್ತದೆ. ಆದ್ದರಿಂದ ಹಗಲುರಾತ್ರಿಯೆನ್ನದೆ ಅದನ್ನು ಸಲಿಕೆಯಿಂದ ಎತ್ತಿ ಗಾಳಿಗೊಡ್ಡುತ್ತಿರಬೇಕು. ಹದ ತಿಳಿಯಲು ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಚುಕಿ ಉಜ್ಜುತ್ತಿದ್ದೆ. ಒಳಗಿನ ಹಿಟ್ಟು ನುಣ್ಣಗೆ, ಬೆಳ್ಳಗೆ ಬೆರಳಿಗೆ ಅಂಟಿದರೆ ಮೊಳಕೆ ನಿಲ್ಲಿಸುವ ಹೊತ್ತಾಯಿತು. ಗಟ್ಟಿ ನುಚ್ಚು ಸಿಕ್ಕಿದರೆ ಇನ್ನೂ ಕಾಯಬೇಕು. ಯಾವ ಮಾಪಕಕ್ಕಿಂತಲೂ ಬೆರಳಿನ ಈ ಪರೀಕ್ಷೆಯನ್ನೇ ನಾನು ನಂಬುತ್ತೇನೆ.

ಒಂದೇ ಬಾರ್ಲಿ ಸ್ಪ್ರಿಂಗ್‌ಬ್ಯಾಂಕ್, ಲಾಂಗ್‌ರೋ, ಹೇಝಲ್‌ಬರ್ನ್ ಎಂಬ ಇಲ್ಲಿನ ಮೂರು ವಿಸ್ಕಿಗಳ ದಾರಿ ಹಿಡಿಯುವುದು ಒಣಗಿಸುವ ಗೂಡಿನಲ್ಲಿ. ಸ್ಪ್ರಿಂಗ್‌ಬ್ಯಾಂಕ್ ವಿಸ್ಕಿಯ ಮಾಲ್ಟಿಗೆ ಸುಮಾರು 6 ಗಂಟೆ ಪೀಟಿನ, ಅಂದರೆ ಜೌಗುನೆಲದಿಂದ ಅಗೆದ ಉರುವಲು ಮಣ್ಣಿನ, ಹೊಗೆ ಕೊಟ್ಟು, ಉಳಿದ ಹೊತ್ತು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಲಾಂಗ್‌ರೋಗೆ 48 ಗಂಟೆಯವರೆಗೂ ಹೊಗೆ. ಹೇಝಲ್‌ಬರ್ನಿಗೆ ಹೊಗೆಯೇ ಇಲ್ಲ. ಪೀಟು ಧಗಧಗ ಉರಿಯಬಾರದು, ಹೊಗೆಯಾಡುತ್ತಿರಬೇಕು. ಹಸಿ ಮಾಲ್ಟಿನ ಸಿಪ್ಪೆಗೆ ಹೊಗೆ ಹಿಡಿಯುವುದು ತೇವ ಇರುವಾಗಲೇ.

ಮಾಲ್ಟಿನ ರಸವನ್ನು ಹುದುಗಿಸಿ ಬಟ್ಟಿ ಇಳಿಸುವಾಗಲೂ ಈ ವ್ಯತ್ಯಾಸ ಮುಂದುವರಿಯುತ್ತದೆ. ಲಾಂಗ್‌ರೋ ಎರಡು ಸಲ, ಹೇಝಲ್‌ಬರ್ನ್ ಮೂರು ಸಲ, ಸ್ಪ್ರಿಂಗ್‌ಬ್ಯಾಂಕ್ ಎರಡೂವರೆ ಸಲ. ಮೊದಲ ಪಾತ್ರೆಯಿಂದ ಬಂದ ದ್ರವದ ಬಹುಪಾಲನ್ನು ಇನ್ನೊಮ್ಮೆ ಇಳಿಸಿ, ಒಂದು ಪಾಲನ್ನು ಹಾಗೆಯೇ ಉಳಿಸಿಕೊಂಡು, ಎರಡನ್ನೂ ಬೆರೆಸಿ ಕೊನೆಯ ಪಾತ್ರೆಗೆ ಹಾಕುವುದರಿಂದ ಅದು ಎರಡೂವರೆಯಾಗುತ್ತದೆ. ಮೊದಲ ಪಾತ್ರೆಗೆ ತಳದಲ್ಲಿ ನೇರ ಬೆಂಕಿಯಿರುವುದರಿಂದ, ತಳ ಹಿಡಿಯದಂತೆ ಒಳಗೆ ತಾಮ್ರದ ಸರಪಳಿಯೊಂದು ಸುತ್ತುತ್ತಲೇ ಇರುತ್ತದೆ.

ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದ ಮೇಲಷ್ಟೇ ಸ್ಕಾಚ್ ಎನ್ನಬಹುದು. ಇಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಯಿಸಿ, ಬಣ್ಣ ಬೆರೆಸದೆ, ತಣ್ಣಗೆ ಮಾಡಿ ಸೋಸದೆ, ಅದೇ ಆವರಣದಲ್ಲಿ ಬಾಟಲಿಗೆ ತುಂಬುತ್ತಾರೆ.