ಗಂಗಾವತಿಯ ಕಲ್ಲುದಾರಿಗೆ ಒಂದು ಹಿಂದಿನ ಗಾಲಿ

ಗೇರ್ ಸೈಕಲ್‌ನ ಹಿಂದಿನ ಗಾಲಿಯಲ್ಲಿ ಕಡ್ಡಿ ಮುರಿದರೆ ಹೆಚ್ಚಾಗಿ ಅದು ಬಲಗಡೆಯದೇ ಆಗಿರುತ್ತದೆ. ಅದೂ ಹಬ್ಬಿಗೆ, ಅಂದರೆ ಗಾಲಿಯ ನಡುವಿನ ಗಡ್ಡೆಗೆ, ಸಿಕ್ಕಿಸಿದ ಬಾಗಿದ ತುದಿಯಲ್ಲೇ ಮುರಿಯುತ್ತದೆ. ಬಲಕ್ಕೆ ಗೇರ್ ಚಕ್ರಗಳು ಕೂರಬೇಕು, ಅವಕ್ಕೆ ಜಾಗ ಬಿಡಲು ಹಬ್ಬಿನ ಬಲ ಅಂಚು ಒಳಕ್ಕೆ ಸರಿದಿರುತ್ತದೆ. ರಿಮ್ ಮಾತ್ರ ಫ್ರೇಮಿನ ನಟ್ಟನಡುವೆಯೇ ತಿರುಗಬೇಕಲ್ಲ! ಹಾಗಾಗಿ ಬಲಗಡೆಯ ಕಡ್ಡಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತು ಜಾಸ್ತಿ ಬಿಗಿ ಹೊರುತ್ತವೆ. ಎಡಗಡೆಯವು ಓರೆಯಾಗಿ, ಕಡಿಮೆ ಬಿಗಿಯಲ್ಲಿ ಇರುತ್ತವೆ. ಕಂಪನಿಯಿಂದ ಬರುವಾಗಲೇ ಒಟ್ಟು ಬಿಗಿ ಕಡಿಮೆಯಿದ್ದರೆ, ಗಾಲಿಯ ಪ್ರತಿ ಸುತ್ತಿಗೂ ನೆಲದ ಕಡೆ ಬಂದ ಕಡ್ಡಿ ಸಡಿಲಾಗಿ ಮತ್ತೆ ಬಿಗಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕತೆ.

ನನ್ನ ಸೈಕಲ್‌ಗೆ ಆಗಿದ್ದೂ ಅದೇ. ಆನೆಗೊಂದಿ, ಸಾಣಾಪುರ ಕೆರೆ, ಅತ್ತ ಹಿರೇಬೆಣಕಲ್ ಬೆಟ್ಟದ ಬುಡದ ತನಕ ಓಡಾಡುವ ಸೈಕಲ್ ಅದು. ದಾರಿ ಅಂದರೆ ಒಂದಿಷ್ಟು ಡಾಂಬರು, ಒಂದಿಷ್ಟು ಗರಸು, ಉಳಿದದ್ದು ಬರೀ ಬಂಡೆ. ಒಂದು ಕಡ್ಡಿ ಹೋಯಿತು, ಹಾಕಿಸಿದೆ. ಕೆಲವೇ ವಾರಕ್ಕೆ ಪಕ್ಕದ್ದು ಹೋಯಿತು. ಒಂದು ಕಡ್ಡಿ ದಣಿದು ಮುರಿದಿದೆ ಎಂದರೆ ಅದರ ಜೊತೆಯವೂ ಅಷ್ಟೇ ದಣಿದಿವೆ ಎಂದೇ ಲೆಕ್ಕ. ಜೊತೆಗೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು.

ಊರಲ್ಲಿ ನಾನು ಹೋಗುವ ಸೈಕಲ್ ಶಾಪಿನ ಚಾಚಾ ಗಾಲಿಯನ್ನು ತಿರುಗಿಸಿ ನೋಡಿ ಅಂದರು: "ಕಡ್ಡಿ ಹಾಕ್ಕೋಂತ ಹೋದ್ರ ಇದು ಮುಗಿಯಂಗಿಲ್ಲ ತಮ್ಮಾ. ಹಬ್ ಬಿಚ್ಚಿ ನೋಡೋಣು. ಅದು ಚೊಲೋ ಇದ್ರ ರಿಮ್ ಅಷ್ಟ ಬದಲ್ ಮಾಡು, ಇಲ್ಲಾಂದ್ರ ಪೂರಾ ಗಾಲಿನ ತಗೊಂಬಿಡು."

ಇದು ಸರಿಯಾದ ಕ್ರಮ. ಹೊಸ ಗಾಲಿ ಹುಡುಕುವ ಮೊದಲು ಹಳೆಯ ಹಬ್ಬನ್ನು ಬಿಚ್ಚಬೇಕು. ಎರಡು ಪಾನಾ ಹಿಡಿದು, ಬೇರಿಂಗಿನ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಸಡಿಲಿಸಿ ಆಕ್ಸಲ್ ಹೊರಗೆಳೆದರೆ ಗುಂಡುಗಳು ತಟ್ಟೆಗೆ ಬೀಳುತ್ತವೆ. ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ ಕಾಲು ಇಂಚಿನ ಗುಂಡು, ಒಂದೊಂದು ಕಡೆ 9. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು ಬೆಳಕಿಗೆ ಹಿಡಿದೆವು. ಬಲಗಡೆಯ ಕೋನ್ ಮೇಲೆ ಗುಂಡು ಓಡುವ ಹೊಳಪಿನ ಗೆರೆ ಇರುತ್ತದಲ್ಲ, ಅದರ ಒಂದು ಬದಿಗೆ ಸಣ್ಣ ಸಣ್ಣ ಗುಳಿಗಳು. ಕೋನ್ ಹೋದರೆ ಚಿಂತೆಯಿಲ್ಲ, ಬೇರೆ ಸಿಗುತ್ತದೆ. ಹಬ್ಬಿನ ಒಳಗೆ ಕೂತ ಕಪ್ಪಿನಲ್ಲೂ ಅದೇ ಗುಳಿ ಉಗುರಿಗೆ ಸಿಕ್ಕಿತು. ಅದು ಬದಲಿಸುವ ಸಾಮಾನಲ್ಲ. ಅಲ್ಲಿಗೆ ತೀರ್ಮಾನ ಆಯಿತು, ಪೂರಾ ಗಾಲಿಯೇ ಬೇಕು.

ಬೆಲೆ, ಬ್ರಾಂಡು ಎಲ್ಲ ಆಮೇಲಿನ ಮಾತು. ಮೊದಲು ನಮ್ಮ ಫ್ರೇಮ್ ಯಾವ ಗಾಲಿಯನ್ನು ಒಪ್ಪುತ್ತದೆ ಎಂಬ ಅಳತೆ ಕೈಯಲ್ಲಿರಬೇಕು. ಸೈಜ್ ಕೇಳಿದರೆ ಎಲ್ಲರೂ "ಇಪ್ಪತ್ತೇಳೂವರೆ" ಅನ್ನುತ್ತಾರೆ. ಅದು ಕರೆಯುವ ಹೆಸರಷ್ಟೇ. ಟಯರಿನ ಪಕ್ಕದಲ್ಲಿ 54-584 ಅಂತ ಉಬ್ಬಿದ ಅಕ್ಷರದಲ್ಲಿ ಇರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರ್ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 26 ಇಂಚಿನ ಮೌಂಟನ್ ಬೈಕ್ ಗಾಲಿಗೆ ಇದು 559, ಇಪ್ಪತ್ತೇಳೂವರೆಗೆ 584, 29ಕ್ಕೆ 622. ಹಾಲು, ಹುಲ್ಲು ಹೇರುವ ನಮ್ಮ ಹಳೇ ದೊಡ್ಡ ಸೈಕಲ್‌ನ 28 ಇಂಚಿನ ರಿಮ್ 635. ಹೆಸರಲ್ಲಿ ಇಪ್ಪತ್ತೊಂಬತ್ತಕ್ಕಿಂತ ಚಿಕ್ಕದು, ಅಳತೆಯಲ್ಲಿ ದೊಡ್ಡದು! ಇಂಚಿನ ಲೆಕ್ಕವನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಇಷ್ಟು ಸಾಕು. ಚಾಚಾನ ಅಂಗಡಿಯ ಗೋಡೆ ತುಂಬ ತೂಗುಹಾಕಿದ್ದು 635ರ ಕಬ್ಬಿಣದ ರಿಮ್ಮುಗಳೇ, ಮುಂದಕ್ಕೆ 32 ತೂತು, ಹಿಂದಕ್ಕೆ 40. ನನಗೆ ಅಲ್ಲಿ ಏನೂ ಸಿಗುವಂತಿರಲಿಲ್ಲ.

ಆಮೇಲೆ ಆಕ್ಸಲ್. ಗಾಲಿ ಬಿಚ್ಚಿ, ಫ್ರೇಮಿನಲ್ಲಿ ಆಕ್ಸಲ್ ಕೂರುವ ಎರಡು ಕೊಂಡಿಗಳ ಒಳಮೈಯ ನಡುವೆ ಸ್ಕೇಲ್ ಇಟ್ಟು ಅಳೆದೆ, 135 ಮಿಲಿಮೀಟರ್. ಕ್ವಿಕ್ ರಿಲೀಸ್, ಅಂದರೆ ಪಾನಾ ಇಲ್ಲದೆ ಲಿವರ್‌ನಿಂದಲೇ ಬಿಗಿಯುವ ಸಪೂರ ಸರಳು, ತೂರುವ ಮಾಮೂಲಿ ಆಕ್ಸಲ್. ಹೊಸ ಸೈಕಲ್‌ಗಳಲ್ಲಿ 12 ಮಿಲಿಮೀಟರ್ ದಪ್ಪದ ಥ್ರೂ ಆಕ್ಸಲ್ ಬರುತ್ತದೆ, ಅಗಲ 142 ಅಥವಾ 148. ಇದರ ನಡುವೆ 141ರ ಕ್ವಿಕ್ ರಿಲೀಸ್ ಅನ್ನುವುದೂ ಒಂದಿದೆ, ನೋಡಲು 135ರ ಹಾಗೇ. ಇಲ್ಲಿ ಅಂದಾಜು ನಡೆಯುವುದಿಲ್ಲ, ಅಳೆಯಲೇಬೇಕು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಗೇರ್ ಕೂರುವ ರೀತಿ. ಇದರಲ್ಲಿ ಎರಡು ಜಾತಿ. ಫ್ರೀವೀಲ್ ಎಂದರೆ ಗೇರ್ ಚಕ್ರಗಳು ಮತ್ತು 'ಟಿಕ್ ಟಿಕ್' ಅನ್ನುವ ಯಂತ್ರ ಎರಡೂ ಒಂದೇ ಗಡ್ಡೆಯಾಗಿ ಹಬ್ಬಿನ ಸ್ಕ್ರೂ ತ್ರೆಡ್ಡಿಗೆ ತಿರುಚಿ ಕೂರುವುದು. ಕ್ಯಾಸೆಟ್ ಎಂದರೆ ಆ ಯಂತ್ರ ಹಬ್ಬಿನ ಭಾಗವೇ ಆಗಿದ್ದು, ಅದರ ಮೇಲಿನ ಉದ್ದ ತೋಡುಗಳಿಗೆ ಬರೀ ಚಕ್ರಗಳು ತೂರಿಕೊಳ್ಳುವುದು. ಗುರುತಿಸಲು ಅಂಗಡಿಗೆ ಹೋಗಬೇಕಿಲ್ಲ. ಗಾಲಿ ಕೈಯಲ್ಲಿ ಹಿಡಿದು ಗೇರ್ ಚಕ್ರವನ್ನು ಹಿಂದಕ್ಕೆ ತಿರುಗಿಸಿ. ನಡುವಿನ ಹಲ್ಲು ಹಲ್ಲಿನ ರಿಂಗ್ ಕೂಡ ಜೊತೆಗೇ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದು ಚಕ್ರ ಮಾತ್ರ ತಿರುಗಿದರೆ ಫ್ರೀವೀಲ್.

ಕಲ್ಲುದಾರಿಗೆ ನನ್ನ ಓಟು ಕ್ಯಾಸೆಟ್‌ಗೇ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಗೇರ್ ಚಕ್ರಗಳ ಒಳಬದಿಗೆ, ಫ್ರೇಮಿನಿಂದ ದೂರ ಕೂತಿರುತ್ತದೆ. ಅಷ್ಟುದ್ದ ಆಕ್ಸಲ್ ಆಸರೆಯಿಲ್ಲದೆ ನಿಂತಿರುತ್ತದೆ, ತೂಕದ ಸವಾರ ಒಂದು ಬಂಡೆಯಿಂದ ಇಳಿದರೆ ಅದು ಬಾಗುತ್ತದೆ ಅಥವಾ ಮುರಿಯುತ್ತದೆ. ಶಿಮಾನೋ ಕಂಪನಿ 1970ರ ದಶಕದ ಕೊನೆಗೆ ತಂದ, ಕ್ಯಾಸೆಟ್ ಕೂರುವ ಫ್ರೀಹಬ್‌ನಲ್ಲಿ ಬೇರಿಂಗ್ ಫ್ರೇಮಿನ ಹತ್ತಿರಕ್ಕೆ ಸರಿಯಿತು, ಆ ತಾಪತ್ರಯ ತಗ್ಗಿತು. ನನ್ನದು 9 ಗೇರಿನ ಕ್ಯಾಸೆಟ್. ಶಿಮಾನೋ ಮಾದರಿಯ 8, 9, 10 ಗೇರಿಗೆ ಒಂದೇ ಫ್ರೀಹಬ್ ಸಾಕು. 12 ಗೇರಿನ ಸೈಕಲ್ ಇರುವವರು ಮಾತ್ರ ಮೈಕ್ರೋ ಸ್ಪ್ಲೈನ್, ಎಕ್ಸ್‌ಡಿ ಅನ್ನುವ ಬೇರೆ ಫ್ರೀಹಬ್‌ಗಳ ಲೆಕ್ಕ ನೋಡಿಕೊಳ್ಳಬೇಕು.

ಆನ್‌ಲೈನ್‌ನಲ್ಲಿ ತೊಂದರೆ ಇರುವುದೇ ಇಲ್ಲಿ. "27.5 ಹಿಂದಿನ ಗಾಲಿ, ಡಿಸ್ಕ್, 8 ಸ್ಪೀಡ್" ಅಂತಷ್ಟೇ ಹಾಕಿರುತ್ತಾರೆ. 8 ಸ್ಪೀಡಿನ ಫ್ರೀವೀಲ್ ಕೂಡ ಉಂಟು. ಒಬ್ಬ ಮಾರಾಟಗಾರನಿಗೆ ಕೇಳಿದರೆ "ಎಲ್ಲಾದಕ್ಕೂ ಫಿಟ್ ಆಗ್ತದೆ ಸಾರ್" ಎಂಬ ಉತ್ತರ. ಎಲ್ಲದಕ್ಕೂ ಕೂರುವ ಗಾಲಿ ಇನ್ನೂ ಹುಟ್ಟಿಲ್ಲ. ಹಬ್ಬಿನ ಬಲಮಗ್ಗುಲಿನ ಫೋಟೋ ಕೇಳಿ. ಉದ್ದುದ್ದ ತೋಡುಗಳಿರುವ ಕೊಳವೆ ಕಂಡರೆ ಫ್ರೀಹಬ್, ಸ್ಕ್ರೂ ತ್ರೆಡ್ ಕಂಡರೆ ಫ್ರೀವೀಲ್. ಫೋಟೋ ಕಳಿಸದವರ ಹತ್ತಿರ ನಾನು ತಗೊಳ್ಳಲಿಲ್ಲ. ಎಡಮಗ್ಗುಲಿನ ಫೋಟೋ ಕೂಡ ಬೇಕು. ಅಲ್ಲಿ ಡಿಸ್ಕ್ ಕೂರಲು 6 ಬೋಲ್ಟಿನ ತೂತೋ, ಸೆಂಟರ್‌ಲಾಕ್ ಹಲ್ಲೋ ಎಂದು ಗೊತ್ತಾಗಬೇಕು. ನನ್ನ ಡಿಸ್ಕ್ 6 ಬೋಲ್ಟಿನದು.

ಇನ್ನು ಆಯ್ಕೆ. ಹಗುರ ಗಾಲಿಯ ಹುಚ್ಚು ನನಗಿಲ್ಲ. ನಾನೇ ಎಂಬತ್ತು ಕೆಜಿಯ ಆಸುಪಾಸು ಇರುವಾಗ ಗಾಲಿಯಲ್ಲಿ ಇನ್ನೂರು ಗ್ರಾಂ ಉಳಿಸಿ ಏನು ಮಾಡುವುದು? ನಾನು ಕೇಳಿಕೊಂಡದ್ದು ಒಂದೇ: ಇದು ಕೆಟ್ಟರೆ ಬೆಂಗಳೂರಿಗೆ ಕಳಿಸದೆ ಗಂಗಾವತಿಯಲ್ಲೇ, ಹೆಚ್ಚೆಂದರೆ ಹೊಸಪೇಟೆಯಲ್ಲಿ ರಿಪೇರಿ ಆಗುತ್ತದೆಯೇ? ಈ ಪ್ರಶ್ನೆ ಇಟ್ಟುಕೊಂಡರೆ ಅರ್ಧ ಪಟ್ಟಿ ತಾನೇ ಉದುರುತ್ತದೆ. ಚಪ್ಪಟೆ ಕಡ್ಡಿ, ನೆಟ್ಟ ತುದಿಯ ಕಡ್ಡಿ, 24 ಕಡ್ಡಿಯ ಗಾಲಿ ಎಲ್ಲ ಹೊರಗೆ. 32 ಕಡ್ಡಿ, 14 ಗೇಜು ಅಂದರೆ 2 ಮಿಲಿಮೀಟರ್ ದಪ್ಪ, ತುದಿ ಬಾಗಿದ ಮಾಮೂಲಿ ಸ್ಟೀಲ್ ಕಡ್ಡಿ. ರಿಮ್ಮಿನ ಕಡೆ ಕಡ್ಡಿಯನ್ನು ಬಿಗಿಯುವ ಪುಟ್ಟ ನಟ್, ಅಂದರೆ ನಿಪ್ಪಲ್, ಹಿತ್ತಾಳೆಯದು. ಅಲ್ಯೂಮಿನಿಯಂ ನಿಪ್ಪಲ್ ಹಗುರ ನಿಜ, ಆದರೆ ಕೆಲವು ಮಳೆಗಾಲ ಕಂಡ ಮೇಲೆ ಸ್ಪೋಕ್ ಕೀ ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ.

ಬೇರಿಂಗ್ ವಿಷಯದಲ್ಲಿ ಜಗಳ ಬೇಡ. ಸೀಲ್ಡ್ ಬೇರಿಂಗ್ ಇದ್ದರೆ ನೀರು, ಕೆಸರು ಕಡಿಮೆ ಹೋಗುತ್ತದೆ, ಅದರ ನಂಬರ್ ಹೇಳಿದರೆ ಮೋಟಾರ್ ಬೇರಿಂಗ್ ಮಾರುವ ಅಂಗಡಿಯಲ್ಲಿ ಕೇಳಬಹುದು, ಆದರೆ ಬಡಿದು ಹಾಳುಮಾಡದೆ ಕೂರಿಸುವ ಕೈ ಬೇಕು. ಗುಂಡು, ಕೋನಿನ ಹಬ್ ಆದರೆ ಗುಂಡು, ಗ್ರೀಸ್ ಯಾವ ಸೈಕಲ್ ಶಾಪಿನಲ್ಲೂ ಇರುತ್ತದೆ. ನಾಟಿ ಕಾಲದಲ್ಲಿ ನಮ್ಮ ಕಡೆ ಕಾಲುವೆ ಪಕ್ಕದ ರಸ್ತೆಗಳು ಟ್ರ್ಯಾಕ್ಟರ್ ಕೇಜ್‌ವೀಲ್ ಹೊತ್ತು ತಂದ ರಾಡಿಯಿಂದ ತುಂಬಿರುತ್ತವೆ. ಆ ಹಂಗಾಮು ಮುಗಿದ ಮೇಲೆ ಹಬ್ ಬಿಚ್ಚುವ ರೂಢಿ ನನಗೆ ಹೇಗೂ ಇದೆ. ಗುಂಡಿನದೇ ತಗೊಂಡೆ.

ರಿಮ್ ಎರಡು ಗೋಡೆಯದಿರಬೇಕು, ಇದರಲ್ಲಿ ರಾಜಿ ಇಲ್ಲ. ಒಳ ಅಗಲ ಹಳೆಯದಕ್ಕೆ 19 ಮಿಲಿಮೀಟರ್ ಇತ್ತು, ಹೊಸದಕ್ಕೆ 25 ಆಯ್ದುಕೊಂಡೆ. 2.1 ಇಂಚಿನ ಟಯರ್ ಅಗಲ ರಿಮ್ಮಿನ ಮೇಲೆ ಪಾದ ಊರಿ ಕೂರುತ್ತದೆ, ಹವಾ ಸ್ವಲ್ಪ ಇಳಿಸಿ ಬಂಡೆ ಮೇಲೆ ಹೋದರೂ ತಿರುವಿನಲ್ಲಿ ಹೊರಳುವುದಿಲ್ಲ.

ವಾಲ್ವಿನ ತೂತನ್ನು ಯಾರೂ ನೋಡುವುದಿಲ್ಲ, ನಾನು ನೋಡಿದೆ. ಮೋಟಾರ್ ಸೈಕಲ್ ಮಾದರಿಯ ಶ್ರೇಡರ್ ವಾಲ್ವಿಗೆ 8.5 ಮಿಲಿಮೀಟರ್, ಸಪೂರ ಪ್ರೆಸ್ಟಾ ವಾಲ್ವಿಗೆ 6.5. ಶ್ರೇಡರ್ ಇದ್ದರೆ ಪೆಟ್ರೋಲ್ ಬಂಕಿನಲ್ಲಿ, ಲಾರಿ ಪಂಚರ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಹವಾ ಹಾಕಿಸಬಹುದು. ದೊಡ್ಡ ತೂತಿಗೆ ಒಂದು ರಬ್ಬರ್ ಉಂಗುರ ಹಾಕಿ ಪ್ರೆಸ್ಟಾ ಟ್ಯೂಬ್ ಕೂರಿಸಬಹುದು, ಚಿಕ್ಕ ತೂತಿಗೆ ಶ್ರೇಡರ್ ತೂರುವುದಿಲ್ಲ.

ಹಬ್, ರಿಮ್, ಕಡ್ಡಿ ಬಿಡಿಬಿಡಿಯಾಗಿ ತರಿಸಿ ಕಟ್ಟಿಸುವ ಲೆಕ್ಕವನ್ನೂ ಹಾಕಿದೆ. ಸಿದ್ಧ ಗಾಲಿಗಿಂತ ದುಬಾರಿ ಬಿತ್ತು. ಹಾಗಾಗಿ ಸಿದ್ಧ ಗಾಲಿ ತರಿಸಿ, ಉಳಿದ ದುಡ್ಡಲ್ಲಿ ಎಡಬಲದ ಅಳತೆಯ ಒಂದಿಷ್ಟು ಬಿಡಿ ಕಡ್ಡಿ ತಗೊಂಡೆ. ಎರಡು ಕಡೆಯ ಕಡ್ಡಿ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ, ಅಳೆದೇ ತಗೊಳ್ಳಿ.

ಕಡಿಮೆ ಬೆಲೆಯ ಸಿದ್ಧ ಗಾಲಿಯನ್ನು ಡಬ್ಬದಿಂದ ತೆಗೆದು ನೇರ ಸೈಕಲ್‌ಗೆ ಹಾಕಬಾರದು. ನನ್ನ ಅನುಭವದಲ್ಲಿ ಮುಖ್ಯವಾದ ಮಾತು ಇದೇ. ಮಷೀನ್ ಕಟ್ಟಿದ ಗಾಲಿ ತಿರುಗಿಸಿದರೆ ನೆಟ್ಟಗೇ ಕಾಣುತ್ತದೆ, ಬಿಗಿ ಮಾತ್ರ ಇರುವುದಿಲ್ಲ. ಚಾಚಾ ಅಕ್ಕಪಕ್ಕದ ಎರಡೆರಡು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ಬಂದರು, ಒಂದು ಜಾಗದಲ್ಲಿ ನಿಂತರು. "ನೋಡಿಲ್ಲಿ, ಇದು ಬರೇ ಹೆಸರಿಗೆ ಐತಿ." ಆಮೇಲೆ ಒಂದೊಂದನ್ನೇ ಉಗುರಿನಿಂದ ಮೀಟಿದರು. ಒಂದೇ ಕಡೆಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು, ಬಲಗಡೆಯದು ಎಡಗಡೆಗಿಂತ ಏರು ಸ್ವರ. ನಮ್ಮದು ಮೂರು ನಾಲ್ಕು ಸ್ವರ ಹಾಡಿತು.

ಅಂಗಡಿಯಲ್ಲಿ ಟೆನ್ಷನ್ ಮೀಟರ್ ಇರಲಿಲ್ಲ. ಹಿಂದಿನ ಗಾಲಿಯ ಬಲಗಡೆಗೆ 100ರಿಂದ 120 ಕೆಜಿ ಬಲದಷ್ಟು ಬಿಗಿ ಅನೇಕ ರಿಮ್ಮುಗಳಿಗೆ ಸರಿಯಾದದ್ದು, ಚಾಚಾ ಕೈಯಂದಾಜಿನಲ್ಲೇ ತಂದರು. ವಾಲ್ವಿನ ತೂತಿನಿಂದ ಶುರುಮಾಡಿ, ಪ್ರತಿ ನಿಪ್ಪಲ್‌ಗೆ ಕಾಲು ಸುತ್ತು, ಪೂರ್ತಿ ಒಂದು ಸುತ್ತು ಬಂದ ಮೇಲೆ ಮತ್ತೆ ಕಾಲು ಸುತ್ತು. ಅವಸರಕ್ಕೆ ಒಂದೇ ಕಡ್ಡಿಗೆ ಒಂದು ಪೂರಾ ಸುತ್ತು ಕೊಟ್ಟರೆ ರಿಮ್ ಅತ್ತ ವಾಲುತ್ತದೆ. ಬೆಂಡ್ ನೋಡಲು ಫ್ರೇಮಿಗೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ ಅದರ ತುದಿ ರಿಮ್ಮಿಗೆ ಕೂದಲೆಳೆಯಷ್ಟು ದೂರ ನಿಲ್ಲಿಸಿದೆವು. ನಡುಮಧ್ಯೆ ಇದೆಯೇ ಎಂದು ನೋಡಲು ಗಾಲಿಯನ್ನು ಎಡಬಲ ಮಗುಚಿ ಫ್ರೇಮಿಗೆ ಹಾಕಿದರಾಯಿತು. ಎರಡು ರೀತಿ ಹಾಕಿದಾಗಲೂ ರಿಮ್ ಒಂದೇ ಜಾಗದಲ್ಲಿ ನಿಂತರೆ ಸರಿ. ಇದನ್ನು ಕ್ಯಾಸೆಟ್, ಡಿಸ್ಕ್ ಹಾಕುವ ಮೊದಲೇ ಮಾಡಬೇಕು.

ಕೋನ್ ಕೂಡ ಕಂಪನಿಯಿಂದ ಅತಿ ಬಿಗಿಯಾಗಿ ಬಂದಿತ್ತು, ಬೆರಳಲ್ಲಿ ಆಕ್ಸಲ್ ತಿರುಗಿಸಿದರೆ ಕರಕರ. ಕ್ವಿಕ್ ರಿಲೀಸ್ ಗಾಲಿಯಲ್ಲಿ ಕೋನನ್ನು ಎಳ್ಳಷ್ಟು ಆಟ ಬಿಟ್ಟೇ ನಿಲ್ಲಿಸಬೇಕು. ಲಿವರ್ ಮುಚ್ಚಿದಾಗ ಆಕ್ಸಲ್ ಒತ್ತಿಕೊಂಡು ಆ ಆಟ ತಾನೇ ಹೋಗುತ್ತದೆ.

ಉಳಿದದ್ದು ಸಲೀಸು. ರಿಮ್ ಟೇಪ್ ಹಾಕಿ, ಹಳೇ ಕ್ಯಾಸೆಟ್ ಎತ್ತಿ ಹೊಸ ಹಬ್ಬಿಗೆ ಕೂರಿಸಿ, ಡಿಸ್ಕಿನ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಬ್ರೇಕ್ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ ಲಿವರ್ ಹಿಡಿದು ಮತ್ತೆ ಬಿಗಿದರೆ ಡಿಸ್ಕ್ ನಡುವಿಗೆ ಬರುತ್ತದೆ. ದೊಡ್ಡ ಗೇರಿಗೆ ಹಾಕಿದಾಗ, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ಕಡ್ಡಿಗೆ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಹೊಸ ಹಬ್ಬಿನಲ್ಲಿ ಚಕ್ರಗಳು ಒಂದು ಎಳೆ ಒಳಗೆ ಕೂತಿರಬಹುದು.

ಸಾಣಾಪುರದ ಮೊದಲ ಸವಾರಿಯಲ್ಲಿ ಕಡ್ಡಿಗಳು 'ಟಿಣ್' ಅಂದವು. ಬಿಗಿಯುವಾಗ ನಿಪ್ಪಲ್ ಜೊತೆ ತಿರುಚಿಕೊಂಡಿದ್ದ ಕಡ್ಡಿ ಬಿಚ್ಚಿಕೊಳ್ಳುವ ಸದ್ದು ಅದು, ಹೆದರಬೇಕಿಲ್ಲ. ವಾರ ಬಿಟ್ಟು ಮತ್ತೆ ಮೀಟಿ ನೋಡಿದಾಗ ಎಡಗಡೆ ಕೆಲವು ಇಳಿದಿದ್ದವು, ಕಾಲು ಸುತ್ತು ಕೊಟ್ಟು ಬಿಗಿದೆ. ಒಂದು ಇಡೀ ಬೇಸಿಗೆ, ಒಂದು ಮಳೆಗಾಲ ಕಳೆದಿದೆ, ಕಡ್ಡಿ ಮುರಿದಿಲ್ಲ.

ಪಂಚರ್ ಮಾತ್ರ ಕಮ್ಮಿಯಾಗಿಲ್ಲ. ಬಳ್ಳಾರಿ ಜಾಲಿಯ ಮುಳ್ಳಿಗೆ ರಿಮ್ ಯಾವ ಕಂಪನಿಯದಾದರೇನು! ಟ್ಯೂಬಿನೊಳಗೆ ಸೀಲಂಟ್ ಹಾಕಲು ಶುರುಮಾಡಿದ್ದೇನೆ. ಶ್ರೇಡರ್ ವಾಲ್ವಿನ ಪಿನ್ ಬಿಚ್ಚಿ ಅಲ್ಲಿಂದಲೇ ಸುರಿಯಬಹುದು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಆಗ ಮತ್ತೊಮ್ಮೆ ತುಂಬಿಸಬೇಕು.