ಅಸ್ತಿ ಸ್ಪುಮಾಂತೆ: ಕೊಳ್ಳುವಾಗ, ಬಡಿಸುವಾಗ ಗಮನಿಸಬೇಕಾದ್ದು

ಇಟಲಿಯ ಪಿಯೆಮೊಂತೆ ಪ್ರಾಂತ್ಯದ, ಗುಳ್ಳೆಯುಕ್ಕುವ ವೈನ್ ಆದ ಅಸ್ತಿ ಸ್ಪುಮಾಂತೆಯನ್ನು ಅದರ ಸಿಹಿಗಾಗಿಯೇ ಕೊಳ್ಳುವವರು ಮೊದಲು ಲೇಬಲ್ ಓದಬೇಕು. 2017ರಿಂದ ಇದೇ ಹೆಸರಿನಲ್ಲಿ ಸಿಹಿಯಿಲ್ಲದ ಬಗೆಗೂ ಅನುಮತಿ ದೊರೆತಿರುವುದರಿಂದ, ‘ಸೆಕ್ಕೊ’ ಎಂದಿರುವ ಬಾಟಲಿಯನ್ನು ಬಿಟ್ಟು ‘ದೋಲ್ಚೆ’ ಎಂದಿರುವುದನ್ನು ಆರಿಸಿಕೊಳ್ಳಿ. ಅದರ ಪಕ್ಕದಲ್ಲೇ ಸಿಗುವ ಮೊಸ್ಕಾತೊ ದಾಸ್ತಿ ಕೂಡ ಬಿಳಿ ಮೊಸ್ಕಾತೊ ದ್ರಾಕ್ಷಿಯದೇ. ಆದರೆ ಅದರಲ್ಲಿ ಗುಳ್ಳೆ ಕಡಿಮೆ, ಮದ್ಯಸಾರ ಸುಮಾರು ಶೇ. 5 ಮಾತ್ರ. ಊಟದ ಕೊನೆಗೆ ನನ್ನ ಆಯ್ಕೆ ಅದೇ.

ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ ಹುದುಗುತ್ತಿರುವ ರಸವನ್ನು, ದ್ರಾಕ್ಷಿಯ ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ ತಂಪುಗೊಳಿಸಿ, ಯೀಸ್ಟನ್ನು ಸೋಸಿ ತೆಗೆಯುವುದರಿಂದ ಆ ಸಿಹಿಯೂ ಹಣ್ಣಿನ ಪರಿಮಳವೂ ಉಳಿಯುತ್ತವೆ. ಈ ಪರಿಮಳ ಕಾಲ ಕಳೆದಂತೆ ಮಾಸುತ್ತದೆ. ಹಳೆಯದಾದಷ್ಟೂ ವೈನ್ ಉತ್ತಮ ಎಂಬ ನಂಬಿಕೆ ಇಲ್ಲಿ ಸಲ್ಲದು. ಕೊಂಡ ಕೆಲವು ತಿಂಗಳಲ್ಲೇ ಕುಡಿದುಬಿಡುವುದು ಲೇಸು.

ಬಡಿಸುವ ಮುನ್ನ ಬಾಟಲಿಯನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಅರ್ಧ ಗಂಟೆ ಇಟ್ಟು 6ರಿಂದ 8 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ತೆರೆಯುವಾಗ ಬಿರಡೆಯನ್ನು ಬಿಗಿಯಾಗಿ ಹಿಡಿದು, ಬಾಟಲಿಯನ್ನು ಯಾರ ಮುಖದತ್ತಲೂ ತೋರಿಸದೆ ನಿಧಾನವಾಗಿ ತಿರುಗಿಸಿ.

ಜೊತೆಗೆ ಪೀಚ್ ಹಣ್ಣು, ಪಿಯೆಮೊಂತೆಯ ಹೇಝಲ್‌ನಟ್ ಕೇಕ್ ಅಥವಾ ಪನೆತ್ತೋನೆ ಎಂಬ ಇಟಲಿಯ ಸಿಹಿ ಬ್ರೆಡ್ ಚೆನ್ನಾಗಿ ಹೊಂದುತ್ತವೆ. ಆದರೆ ಸಕ್ಕರೆ ಪಾಕದಲ್ಲಿ ನೆನೆದ ಜಾಮೂನಿನಂಥ ನಮ್ಮ ಸಿಹಿಗಳು ವೈನಿಗಿಂತ ಹೆಚ್ಚು ಸಿಹಿಯಾಗಿರುವುದರಿಂದ, ಅವುಗಳೊಂದಿಗೆ ಅದು ಹುಳಿಯೆನಿಸುತ್ತದೆ. ದಯವಿಟ್ಟು ಒಟ್ಟಿಗೆ ಬಡಿಸಬೇಡಿ.