ಉಪ್ಪುನೀರಿನ ಈಜುಕೊಳ: ನೀರು ತಿಳಿಯಾಗಿದ್ದು ಹೀಗೆ

ತಿಕೋಟಾ ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ಮಕ್ಕಳಿಗೆಂದು ಕಟ್ಟಿಸಿದ 40 ಸಾವಿರ ಲೀಟರ್ ಕೊಳ ಏಪ್ರಿಲ್‌ನಲ್ಲಿ ಸುಣ್ಣ ಕಲಸಿದಂತೆ ಬೆಳ್ಳಗಾಯಿತು. ಕ್ಲೋರಿನ್ ತಯಾರಿಸುವ ಯಂತ್ರದಲ್ಲಿ ‘ಉಪ್ಪು ಕಡಿಮೆ’ ದೀಪ. ಒಂದು ಚೀಲ ಉಪ್ಪು ಸುರಿದೆ, ದೀಪ ಆರಲಿಲ್ಲ. ಮೊದಲೇ ಅಳೆಯಬೇಕಿತ್ತು. ಉಪ್ಪು 3,400 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು), ಬೇಕಾದಷ್ಟಿತ್ತು. ಮಿತಿಮೀರಿದ್ದು ಬೇರೆ ಮೂರು: ಪಿಎಚ್ 8.3, ಕ್ಷಾರೀಯತೆ (ಪಿಎಚ್ ಇಳಿಯದಂತೆ ತಡೆಯುವ ಗುಣ) 190 ಪಿಪಿಎಂ, ಕ್ಯಾಲ್ಸಿಯಂ ಗಡಸುತನ 560 ಪಿಪಿಎಂ.

ನಮ್ಮ ಬೋರ್ ನೀರು ಮೊದಲೇ ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಮೇಲಾಗಿ, ಯಂತ್ರದ ಸೆಲ್ (ಉಪ್ಪುನೀರಿಗೆ ವಿದ್ಯುತ್ ಹರಿಸಿ ಕ್ಲೋರಿನ್ ಮಾಡುವ ತಗಡುಗಳ ಭಾಗ) ಓಡುವಾಗ ಏಳುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಪಿಎಚ್ ಏರಿಸುತ್ತವೆ. ಆಗ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ನೀರನ್ನು ಕದಡುತ್ತದೆ, ಸೆಲ್‌ನ ತಗಡಿಗೂ ಅಂಟುತ್ತದೆ. ಅಂಟಿದ ತಗಡಿನಲ್ಲಿ ವಿದ್ಯುತ್ ಕಡಿಮೆ ಹರಿಯುವುದರಿಂದ ಯಂತ್ರ ಉಪ್ಪೇ ಕಡಿಮೆ ಎಂದುಕೊಳ್ಳುತ್ತದೆ. ದೀಪ ಹತ್ತಿದ್ದು ಅದಕ್ಕೇ.

ಸೆಲ್ ಬಿಚ್ಚಿ ತೆಳು ಆಸಿಡ್‌ನಲ್ಲಿ ತೊಳೆದೆ. (ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು.) ಕೊಳಕ್ಕೆ ದಿನಾ ಸಂಜೆ, ಮಕ್ಕಳು ಮೇಲೆದ್ದ ಮೇಲೆ, ಪಂಪ್ ಓಡಿಸಿ ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್. ಪಿಎಚ್ 7.2ಕ್ಕೆ ಇಳಿದಾಗ ನೀರು ಬರುವ ನಳಿಕೆಯನ್ನು ಮೇಲ್ಮುಖ ಮಾಡಿ ಚಿಮ್ಮಿಸಿದೆ. ಪಿಎಚ್ ಏರುತ್ತದೆ, ಕ್ಷಾರೀಯತೆ ಏರುವುದಿಲ್ಲ. ಮತ್ತೆ ಆಸಿಡ್. ಮೂರು ವಾರದಲ್ಲಿ ಕ್ಷಾರೀಯತೆ 80ಕ್ಕೆ ಬಂತು.

ಕ್ಯಾಲ್ಸಿಯಂ ಮಾತ್ರ ಆಸಿಡ್‌ಗೆ ಬಗ್ಗಲಿಲ್ಲ. ಮಳೆ ಹಿಡಿದ ಮೇಲೆ ಮೂರನೇ ಒಂದು ಪಾಲು ನೀರು ತೆಗೆದು, ಮಾಳಿಗೆಯ ಮಳೆನೀರು ತುಂಬಿಸಿದೆ. ಗಡಸುತನ 370ಕ್ಕೆ ಇಳಿಯಿತು. ಕಡಿಮೆಯಾದ ಉಪ್ಪನ್ನು ಅಳೆದು ಸೇರಿಸಿದೆ. ನಮ್ಮ ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗದಂತೆ ಸಯನ್ಯೂರಿಕ್ ಆಸಿಡ್ 70ರಲ್ಲಿ ಇಟ್ಟಿದ್ದೇನೆ. ಈಗ ತಳದ ನೀಲಿ ಟೈಲ್ಸ್ ಕಾಣುತ್ತವೆ, ಮಕ್ಕಳ ಕಣ್ಣು ಉರಿಯುವುದಿಲ್ಲ.